ಪಾಪ ಯಾರತ್ರ?

ಮೊದಲೇ ಹೇಳಿಬಿಡ್ತೀನಿ. ಅರ್ಧ ಓದಿ ನನ್ನ ಮೇಲೆ ಕನಿಕರಪಟ್ಟು, ಆಮೇಲೆ ಮೋಸ ಹೋದ್ವಿ ಅಂತ ನೀವು ಬೈಯೋದು ಬೇಡ. ನಮ್ಮ ಮನೆಯಲ್ಲಿ ಅಮ್ಮ ಮತ್ತು ಅಜ್ಜಿ ಒಂದೂವರೆ ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಸುಳ್ಳು ಹೇಳ್ತಿದ್ದಾರೆ ಅಂತ ಅಮ್ಮ, ಸೊಸೆ ಸುಳ್ಳು ಹೇಳ್ತಿದ್ದಾಳೆ ಅಂತ ಅಜ್ಜಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಸುಳ್ಳು ಹೇಳಿದವನು ನಾನು, ಅದೂ ಅಜ್ಜಿಯ ದನಿಯಲ್ಲಿ. ಆಗ ನನಗೆ ಹತ್ತು ವರ್ಷ. ಹತ್ತು ವರ್ಷದ ಹುಡುಗನಿಗೆ ಏನು ಗೊತ್ತಾಗುತ್ತೆ ಅಂತ ಸಮಾಧಾನ ಹೇಳೋರು ಸಿಗ್ತಾರೆ. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹುಟ್ಟಿದಾಗಿನಿಂದ ಮುಚ್ಚದ ಬಾಯಿಯನ್ನ ಮುಚ್ಚಲೇಬಾರದಿದ್ದ ಕಡೆ ಮುಚ್ಚಿದೆ.

ಈಗ ನಾನು ಚಿಕ್ಕಬಳ್ಳಾಪುರದ ಸುತ್ತಮುತ್ತ ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡೋನು. ಹಾಡುವವರು ನೀರು ಕುಡಿಯೋ ಗ್ಯಾಪಿನಲ್ಲಿ ಮೈಕು ಹಿಡಿದು ಬೀಗರನ್ನು ನಗಿಸೋದು ನನ್ನ ಉದ್ಯೋಗ. ಊಟದ ಎಲೆ ಹಾಕಿದ್ದಾರೆ ಅಂತ ಯಾರಾದರೂ ಕೂಗಿದರೆ ನನ್ನ ಕಲೆಯೂ ಅಲ್ಲಿಗೆ ಮುಗೀತು. ಚಿಕ್ಕವನಿದ್ದಾಗಲೂ ಇದೇ ಕಸುಬು. ಹೆಡ್‌ಮಾಸ್ಟರು ಮೂಗಿನಲ್ಲಿ ಹಾಜರಿ ಕರೆಯೋದು, ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜನರನ್ನ ಮುಂದಕ್ಕೆ ತಳ್ಳೋದು, ನಮ್ಮ ಕುಕ್ಕರು ಮೂರನೇ ವಿಷಲ್ಲಿಗೆ ಮುಂಚೆ ನರಳೋದು, ಎಲ್ಲ ಬರುತ್ತಿತ್ತು. ಅಜ್ಜಿಯದು ಮಾತ್ರ ನನ್ನ ಸ್ಪೆಷಲ್ಲು. ಅವಳ ದನಿಯಲ್ಲಿ ಒಂದು ಕೆರೆತ ಇತ್ತು, ಪ್ರತಿ ಮಾತಿನ ಬಾಲಕ್ಕೂ ಒಂದು ‘ಕಣಮ್ಮೋ’ ಅಂತ ಎಳೆತ. ನಾನು ಅದನ್ನ ಮಾಡಿದರೆ ಅಜ್ಜಿಯೇ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

‘ಲೇ ಮಂಜಪ್ಪ, ನಾನು ಸತ್ತ ಮೇಲೆ ನಿಮ್ಮಮ್ಮನ್ನ ಬೈಯೋಕೆ ಜನ ಇಲ್ಲ ಅಂದ್ಕೊಂಡಿದ್ದೆ. ನೀನಿದೀಯಲ್ಲಪ್ಪ.’

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಬೀದಿ ಕಡೆ ಜಗಲಿ, ಒಳಗೆ ಟೀವಿ ಇದ್ದ ನಡುಮನೆ, ಅದರ ಪಕ್ಕ ಅಡುಗೆಮನೆ, ಹಿತ್ತಲಲ್ಲಿ ಹುಳದ ಮನೆ, ಅದರಾಚೆ ಹಸುವಿನ ಕೊಟ್ಟಿಗೆ. ಮನುಷ್ಯರು ಇರೋ ಮನೆಗೆ ಸುಣ್ಣ ಹೊಡೆಸಿ ಎಷ್ಟು ವರ್ಷ ಆಗಿತ್ತೋ, ಹುಳದ ಮನೆಗೆ ಮಾತ್ರ ಪ್ರತಿ ಬೆಳೆಗೂ ತೊಳೆತ. ಒಳಗೆ ಹೋಗಬೇಕಾದರೆ ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು, ಕೈ ತೊಳೀಬೇಕು. ಹೊರಗಿನವರು ಹೋಗಬಾರದು. ಒಗ್ಗರಣೆ ಘಾಟು ಹೋಗಬಾರದು. ಮಕ್ಕಳಂತೂ ಹೋಗಲೇಬಾರದು, ಯಾಕೆಂದರೆ ಮಕ್ಕಳ ಮೈಗೆ ಹಚ್ಚಿದ ಪೌಡರಿನ ವಾಸನೆ ಹುಳಕ್ಕೆ ಆಗಲ್ಲ. ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲು ರಾತ್ರಿ ಸೊಪ್ಪು ತಿನ್ನುತ್ತೆ. ಆ ಸದ್ದನ್ನ ಮಾಡಬೇಕು ಅಂತ ನಾಲಿಗೆಯನ್ನ ಹಲ್ಲಿಗೆ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಂಡಿದ್ದೇನೆ, ಇವತ್ತಿಗೂ ಬಂದಿಲ್ಲ. ಆಮೇಲೆ ಒಂದು ದಿನ ಹುಳ ಹಣ್ಣಾಗುತ್ತೆ, ಅಂದರೆ ತಿನ್ನೋದು ಬಿಟ್ಟು ಗೂಡು ಕಟ್ಟೋದಕ್ಕೆ ತಲೆ ಎತ್ತಿ ಜಾಗ ಹುಡುಕುತ್ತೆ. ಅವತ್ತು ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅದೇ ಬಿದಿರಿನ ದೊಡ್ಡ ತಟ್ಟೆಗೆ, ಬಿಡಬೇಕು. ತಡ ಆದರೆ ಸೊಪ್ಪಿನ ಕಡ್ಡಿಗಳಲ್ಲೇ ಕಟ್ಟಿಕೊಂಡು ಗೂಡು ಹಾಳು. ಅವತ್ತು ಮನೆಯಲ್ಲಿ ಯಾರ ಕೈಯೂ ಖಾಲಿ ಇರಲ್ಲ.

ಪಾಪ ಅಂದರೆ ನನ್ನ ತಂಗಿ. ಹೆಸರು ಮೇಘನಾ ಅಂತ ಇಟ್ಟಿದ್ದರು, ಆದರೆ ಅಂಗನವಾಡಿಯ ತೂಕದ ಪುಸ್ತಕ ಬಿಟ್ಟರೆ ಆ ಹೆಸರು ಎಲ್ಲೂ ಬಳಕೆಯಾಗಲಿಲ್ಲ. ಎರಡು ವರ್ಷ ತುಂಬಿರಲಿಲ್ಲ. ನಡೆಯೋದನ್ನ ಕಲಿತ ಮೇಲೆ ಕೂರೋದನ್ನ ಮರೆತಿದ್ದಳು. ಅವಳನ್ನ ಕಾಯೋದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ತಾನಾಗಿ ಬೆಳೆದಿತ್ತು. ಹುಳದ ಮನೆ ಹೊಕ್ಕವರು ಪದೇ ಪದೇ ಹೊರಗೆ ಬರೋ ಹಾಗಿಲ್ಲ, ಬಂದರೆ ಮತ್ತೆ ಕಾಲು ಅದ್ದು, ಕೈ ತೊಳಿ. ಹಾಗಾಗಿ ಅಮ್ಮ ಒಳಗಿಂದಲೇ ಕೂಗೋಳು, ‘ಪಾಪ ಯಾರತ್ರ?’ ಅಡುಗೆಮನೆಯಿಂದ ಅಜ್ಜಿ, ‘ನನ್ನತ್ರ ಅದೆ ಕಣಮ್ಮೋ’ ಅನ್ನೋಳು. ಅರ್ಧ ಗಂಟೆ ಬಿಟ್ಟು ಮತ್ತೆ. ಅಜ್ಜಿ ಹಸು ಕಟ್ಟೋಕೆ ಹೋದರೆ ಅವಳು ಕೂಗೋಳು, ಅಮ್ಮ ಓಗೊಡೋಳು. ಹೀಗೆ ಮಗು ಕೈಯಿಂದ ಕೈಗೆ ಹೋಗದೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಬೀದಿಯ ಎಲ್ಲ ಮನೆಗಳಲ್ಲೂ ಇದೇ. ಹುಳ ಹಣ್ಣಾದ ದಿನ ನಮ್ಮ ಬೀದಿಯಲ್ಲಿ ನಡೆದುಹೋದರೆ ಮನೆ ಮನೆಯಿಂದಲೂ ಮಕ್ಕಳ ಹಾಜರಿ ಕೇಳಿಸೋದು.

ಅವತ್ತು ಹುಳ ಹಣ್ಣಾಗಿತ್ತು. ಅಮ್ಮ ಪಾಪನಿಗೆ ಉಣಿಸಿ, ನಡುಮನೆಯ ಚಾಪೆ ಮೇಲೆ ಮಲಗಿಸಿ ಹಿತ್ತಲಿಗೆ ಹೋದಳು. ಹುಳದ ಮನೆಯಲ್ಲಿ ಅಪ್ಪ, ಅಮ್ಮ, ಕೂಲಿಗೆ ಬಂದಿದ್ದ ಮುನಿಯಕ್ಕ. ಅಜ್ಜಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನಾನು ಟೀವಿ ಮುಂದೆ, ಪಾಪನಿಗೆ ಬೆನ್ನು ಮಾಡಿ. ನಾಲ್ಕು ದಿನಕ್ಕೊಮ್ಮೆ ಬರೋ ನೀರು ಅವತ್ತೇ ಬಂದಿತ್ತು. ಮನೆ ಮುಂದೆ ನೆಲದೊಳಗಿದ್ದ ನೀರಿನ ಸಂಪಿನೊಳಕ್ಕೆ ಪೈಪು ಬಿಟ್ಟು, ಪೈಪು ಕೂರಲಿ ಅಂತ ತಗಡಿನ ಮುಚ್ಚಳವನ್ನ ಅರ್ಧ ಸರಿಸಿದ್ದರು. ನಾವು ಯಾವಾಗಲೂ ಹಾಗೇ ಮಾಡ್ತಿದ್ದದ್ದು.

‘ಪಾಪ ಯಾರತ್ರ?’

ಅಮ್ಮನ ಕೂಗು ಬಂತು. ಕೊಟ್ಟಿಗೆಯಲ್ಲಿದ್ದ ಅಜ್ಜಿಗೆ ಸಗಣಿ ಬಾಚೋ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು. ನಾನು ‘ಇಲ್ಲೇ ಮಲಗಿದೆ’ ಅಂದರೆ, ‘ಅಲ್ಲೇ ಕೂತು ನೋಡ್ಕೋ, ಎದ್ರೆ ಎತ್ಕೋ’ ಅನ್ನೋ ಕೆಲಸ ನನ್ನ ತಲೆಗೆ ಬರುತ್ತೆ, ಸಂಜೆ ಆಟ ಹೋಯಿತು. ಸುಮ್ಮನಿದ್ದರೆ ಅಮ್ಮ ಎದ್ದು ಬರ್ತಾಳೆ, ಬಂದರೆ ಟೀವಿ ಆಫ್. ಇಷ್ಟು ಲೆಕ್ಕಾಚಾರ ಮಾಡುವ ತಲೆ ಪರೀಕ್ಷೆಯಲ್ಲಿ ಯಾವತ್ತೂ ಓಡಲಿಲ್ಲ. ಗಂಟಲು ಸರಿ ಮಾಡಿಕೊಂಡು ಅಜ್ಜಿಯಾದೆ.

‘ನನ್ನತ್ರ ಅದೆ ಕಣಮ್ಮೋ. ನೀನು ಹುಳ ನೋಡ್ಕೋ ಹೋಗು.’

ಚೆನ್ನಾಗಿ ಬಂತು. ‘ಹುಳ ನೋಡ್ಕೋ ಹೋಗು’ ನನ್ನ ಸ್ವಂತ ಸೇರಿಕೆ, ಅದೂ ಅಜ್ಜಿಯ ಬಾಯಿಗೆ ಸರಿಯಾಗಿ ಕೂತಿತ್ತು. ಒಳಗಿಂದ ಮರುಮಾತು ಬರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಿರುಗಿ ಚಾಪೆ ಕಡೆ ನೋಡಲಿಲ್ಲ. ಆ ಹೊತ್ತಿಗೆ ಪಾಪ ಚಾಪೆ ಮೇಲೆ ಇತ್ತೋ, ಎದ್ದು ಜಗಲಿ ದಾಟಿತ್ತೋ, ನನಗೆ ಗೊತ್ತಿಲ್ಲ. ಎಷ್ಟೋ ಸಲ ಕಣ್ಣು ಮುಚ್ಚಿ ಆ ನಡುಮನೆಯಲ್ಲಿ ಕೂತು ಹಿಂದಕ್ಕೆ ತಿರುಗಿದ್ದೇನೆ. ಪ್ರತಿ ಸಲವೂ ಟೀವಿಯೇ ಕಾಣುತ್ತೆ.

ಸಂಪು ತುಂಬಿ ನೀರು ಬೀದಿಗೆ ಹರಿದಾಗ ಬಂದವನು ಊರಿಗೆ ನೀರು ಬಿಡುವ ನೀರಗಂಟಿ. ನೀರು ಪೋಲು ಮಾಡ್ತೀರ ಅಂತ ಬೈಕೊಂಡೇ ಬಂದ. ಅವನ ಬೈಗುಳವೂ ನನ್ನ ಐಟಂಗಳಲ್ಲಿ ಒಂದು, ಎಲ್ಲಿ ಏರುತ್ತೆ ಎಲ್ಲಿ ಇಳಿಯುತ್ತೆ ಎಲ್ಲ ಬಾಯಿಪಾಠ. ಅವತ್ತು ಸಂಪಿನೊಳಗೆ ಇಣುಕಿದ, ಅದು ಏರೋ ಜಾಗದಲ್ಲೇ ನಿಂತುಹೋಯಿತು. ಅಪ್ಪ ಪಾಪನನ್ನು ಎದೆಗೆ ಅವಚಿಕೊಂಡು ಯಾರದೋ ಬೈಕಿನ ಹಿಂದೆ ಶಿಡ್ಲಘಟ್ಟದ ಆಸ್ಪತ್ರೆಗೆ ಹೋದ. ಮುಕ್ಕಾಲು ಗಂಟೆಯಲ್ಲಿ ವಾಪಸ್ಸು ಬಂದ, ಅದೇ ಥರ ಅವಚಿಕೊಂಡು. ಅಮ್ಮನ ಕೈಗೆ ಕೊಡಲಿಲ್ಲ, ಜಗಲಿ ಮೇಲೆ ಮಲಗಿಸಿದ. ಪಾಪನ ಕೂದಲು ಇನ್ನೂ ಒದ್ದೆಯಿತ್ತು. ಒರೆಸಬೇಕು ಅಂತ ಅಮ್ಮ ಟವಲ್ಲು ತಂದಳು.

ಆ ಸಂಜೆ ಬೀದಿಯ ಹೆಂಗಸರು ತಾವಾಗಿ ಕಾಲು ತೊಳೆದುಕೊಂಡು ನಮ್ಮ ಹುಳದ ಮನೆಗೆ ಹೋಗಿ, ಉಳಿದ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟರು. ಯಾರೂ ಅವರನ್ನ ಕರೆದಿರಲಿಲ್ಲ. ಆ ಬೆಳೆ ತುಂಬ ಚೆನ್ನಾಗಿ ಬಂತು. ಅಂಥ ಗೂಡು ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅಮ್ಮ ಆ ಗೂಡುಗಳನ್ನ ಮುಟ್ಟಲಿಲ್ಲ.

ಮೂರನೇ ದಿನ ಶುರುವಾಯಿತು.

‘ಅತ್ತೆ, ನೀವು ನನ್ನತ್ರ ಅದೆ ಅಂದ್ರಲ್ಲ.’

‘ನಾನೆಲ್ಲಿ ಅಂದೆ? ನಾನು ಕೊಟ್ಟಿಗೇಲಿದ್ದೆ.’

‘ಹುಳ ನೋಡ್ಕೋ ಹೋಗು ಅಂದ್ರಿ. ಕಿವಿಯಾರೆ ಕೇಳಿದೀನಿ.’

‘ದೇವ್ರಾಣೆ ಅಂದಿಲ್ಲ ಕಣೇ.’

ಮುನಿಯಕ್ಕನನ್ನ ಕರೆಸಿ ಕೇಳಿದರು. ಅವಳು ಒಳ್ಳೇ ಹೆಂಗಸು, ಯಾರ ಕಡೆಗೂ ವಾಲದವಳು. ಸೆರಗು ತಿರುಚುತ್ತ, ‘ನಂಗೂ ಕೇಳಿಸ್ತಮ್ಮ, ಅಜ್ಜಿ ದನಿನೇ’ ಅಂದಳು. ಅಲ್ಲಿಗೆ ಅಜ್ಜಿಯ ಮಾತು ಬಿದ್ದುಹೋಯಿತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಹೇಳೋದಕ್ಕೆ ಅದೇ ಸಮಯ. ಹೇಳಲಿಲ್ಲ. ಮಾರನೇ ದಿನ ಹೇಳೋಣ ಅಂದುಕೊಂಡೆ. ಮಾರನೇ ದಿನ ಅದು ಹಿಂದಿನ ದಿನಕ್ಕಿಂತ ದೊಡ್ಡದಾಗಿತ್ತು, ಅದರ ಮಾರನೇ ದಿನ ಇನ್ನೂ ದೊಡ್ಡದು.

ಆಮೇಲಿನ ದಿನಗಳಲ್ಲಿ ನಾನು ಮನೆಯ ಪೋಸ್ಟ್‌ಮ್ಯಾನ್. ಎರಡು ಮಾರು ದೂರದಲ್ಲಿ ಕೂತ ಇಬ್ಬರ ನಡುವೆ, ‘ಮಂಜ, ನಿಮ್ಮಜ್ಜಿಗೆ ಮುದ್ದೆ ಸಾಕಾ ಕೇಳು’, ‘ಮಂಜಪ್ಪ, ಸಾಕು ಅಂತ ಹೇಳಪ್ಪ.’ ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು, ಆದರೂ ನಾನು ಒಂದು ಸಲ ಹೇಳಬೇಕಿತ್ತು. ನಾನು ಸ್ವಂತ ದನಿಯಲ್ಲಿ ಮಾತಾಡೋದನ್ನ ಕಲಿತದ್ದು ಹಾಗೆ. ಅಷ್ಟು ಬೋಳು ದನಿ ನನ್ನದು ಅಂತ ಆಗಲೇ ಗೊತ್ತಾಗಿದ್ದು. ನೆಂಟರು ಬಂದವರೆಲ್ಲ ಅಮ್ಮನನ್ನ ಒಂದು ಪ್ರಶ್ನೆ ಕೇಳದೆ ಕಾಫಿ ಕುಡಿಯುತ್ತಿರಲಿಲ್ಲ: ‘ಹೆತ್ತೋಳು ನೀನು ಎದ್ದು ನೋಡಬಾರ್ದಿತ್ತಾ?’ ಹೋಗುವಾಗ ಅಜ್ಜಿಯ ಕಡೆ ನೋಡಿ, ಅರಳುಮರಳು ಅಂತ ಕೈಸನ್ನೆ ಮಾಡಿ ಹೋಗೋರು. ಅಜ್ಜಿ ಅದನ್ನ ನೋಡುತ್ತಿದ್ದಳು.

ಮೊದಲ ಸಲ ಬೇರೆ ಮಾತು ಆಡಿದವಳು ಅಂಗನವಾಡಿಯ ಸರೋಜಮ್ಮ ಟೀಚರ್. ತೂಕದ ಪುಸ್ತಕದಲ್ಲಿ ಪಾಪನ ಹೆಸರು ಹೊಡೆದುಹಾಕೋದಕ್ಕೆ ಅಮ್ಮನ ಸಹಿ ಬೇಕು ಅಂತ ಬಂದಳು. ಪುಸ್ತಕ ತೆಗೆಯಲೇ ಇಲ್ಲ. ಜಗಲಿಯಲ್ಲಿ ಅಮ್ಮನ ಪಕ್ಕ ಕೂತಳು.

‘ಅತ್ತೆ ಮೇಲೆ ಯಾಕೆ ಬಿಟ್ಟೆ ಅಂತ ಎಲ್ರೂ ಕೇಳ್ತಾರೆ ಟೀಚರ್,’ ಅಂದಳು ಅಮ್ಮ. ‘ಯಾರ ಮೇಲೆ ಬಿಡಬೇಕಿತ್ತು ಅಂತ ಒಬ್ರೂ ಹೇಳಲ್ಲ.’

‘ನನ್ನತ್ರಾನೂ ಉತ್ತರ ಇಲ್ಲ ಪುಷ್ಪಾ. ನಾನು ಸಾಯಂಕಾಲ ಬೀಗ ಜಡಿದು ಬಸ್ ಹತ್ತೋಳು. ಬಾ, ಇಬ್ರೂ ಹುಡುಕೋಣ.’

ಆ ಟೀಚರ್‌ನ ನಡಿಗೆ, ಕೆಮ್ಮು, ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಕೈ ಅಲ್ಲಾಡಿಸೋದು, ಎಲ್ಲವನ್ನೂ ನಾನು ಆಡಿಕೊಂಡಿದ್ದೆ. ಅವಳು ವಾರಕ್ಕೊಂದು ಸಲ ಬಂದು ಅಮ್ಮನನ್ನ ಎಬ್ಬಿಸಿಕೊಂಡು ಹೋಗುತ್ತಿದ್ದಳು. ಇಬ್ಬರೂ ಮನೆ ಮನೆಗೆ ಹೋಗಿ ಸಂಪಿನ ಮುಚ್ಚಳ ನೋಡೋರು. ಎರಡು ಸಲ ಹೇಳಿದರೂ ಬೀಗ ಹಾಕದ ಮನೆಗೆ ಮೂರನೇ ಸಲ ಅಮ್ಮ ಒಬ್ಬಳೇ ಹೋಗಿ ಮುಚ್ಚಳದ ಮೇಲೆ ಕೂತುಬಿಡೋಳು. ಆ ಮನೆಯವರು ಅವತ್ತೇ ಬೀಗ ತರೋರು. ಆಮೇಲೆ ಅಂಗನವಾಡಿಯಲ್ಲಿ ತಾಯಂದಿರು ಸೇರಿ ಒಂದು ಏರ್ಪಾಡು ಮಾಡಿಕೊಂಡರು. ಎಲ್ಲರ ಮನೆಯ ಹುಳವೂ ಒಂದೇ ದಿನ ಹಣ್ಣಾಗಲ್ಲ. ಯಾರ ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿದೆ ಅಂತ ಟೀಚರ್ ಗೋಡೆಯ ಹಲಗೆ ಮೇಲೆ ಬರೆಯೋದು; ಹಣ್ಣಾದ ದಿನ ಆ ಮನೆಯ ಮಕ್ಕಳು ಅಂಗನವಾಡಿ ಮುಗಿದ ಮೇಲೆ ಕೈ ಖಾಲಿ ಇರೋ ಇನ್ನೊಂದು ಮನೆಗೆ. ಒಂದೇ ಕಟ್ಟಳೆ: ಮಗುವನ್ನ ಕೈಗೆ ಕೊಡಬೇಕು, ಕೈಯಿಂದಲೇ ತಗೋಬೇಕು. ಕೂಗಿ ಹೇಳಿದರೆ ಲೆಕ್ಕಕ್ಕಿಲ್ಲ.

ಹೀಗೆ ಬೇರೆಯವರ ಮಕ್ಕಳನ್ನ ನೋಡಿಕೊಳ್ಳೋ ಸರದಿ ತಿರುಗಿ ನಮ್ಮ ಮನೆಗೆ ಬಂತು. ಅವತ್ತು ಸ್ಕೂಲಿಗೆ ರಜ, ಟೀಚರ್ ಹೇಳಿದ ಮೊಟ್ಟೆ ಟ್ರೇ ಹೊತ್ತುಕೊಂಡು ಹೋಗಿದ್ದೆ. ಹೆಂಗಸರೆಲ್ಲ ಚಾಪೆ ಮೇಲೆ ಕೂತಿದ್ದರು. ನಮ್ಮ ಮನೆಯ ಹೆಸರು ಬಂತು. ಒಬ್ಬಳು ಮಗುವಿನ ಕುಲಾವಿ ಸರಿಮಾಡಿದಳು, ಇನ್ನೊಬ್ಬಳು ನೆಲ ನೋಡಿದಳು. ಬಾಗಿಲ ಬಳಿ ಕೂತಿದ್ದ ಅಜ್ಜಿ ಗೋಡೆ ಹಿಡಿದು ಎದ್ದಳು.

‘ನಮ್ಮನೆಗೆ ಬಿಡಬೇಡಿ ಕಣಮ್ಮ,’ ಅಂದಳು. ‘ನಾನು ಅವತ್ತು ಅಂದಿದ್ನೇನೋ. ಅಂದಿಲ್ಲ ಅಂತಾನೆ ಇಷ್ಟು ದಿನ ಇದ್ದೆ. ಮುನಿಯಕ್ಕ ಯಾಕೆ ಸುಳ್ಳು ಹೇಳ್ತಾಳೆ? ಅಂದು, ಮರ್ತಿರಬೇಕು. ನನ್ನ ಬಾಯಿ ನಂಗೇ ಗೊತ್ತಾಗಲ್ಲ ಈಗ. ನನ್ನ ನಂಬಿ ಯಾರ ಮಕ್ಕಳನ್ನೂ ಬಿಡಬೇಡಿ.’

ಮೊಟ್ಟೆ ಟ್ರೇ ಇಳಿಸೋದಕ್ಕೆ ನನಗೆ ಜಾಗ ಸಿಗಲಿಲ್ಲ, ಎಷ್ಟೋ ಹೊತ್ತು ಹಿಡಿದುಕೊಂಡೇ ನಿಂತಿದ್ದೆ. ಪಾಪನನ್ನ ಕಳಕೊಂಡಾಗ ಅಳು ಬಂದಿತ್ತು, ಭಯ ಆಗಿತ್ತು. ಇದು ಬೇರೆ. ನಾನು ಆಡಿದ ಮಾತನ್ನ ಈ ಮುದುಕಿ ತನ್ನದೇ ಅಂತ ಒಪ್ಪಿಕೊಂಡುಬಿಟ್ಟಿದ್ದಳು. ನೆನಪಿನಲ್ಲಿ ಇಲ್ಲದ ಮಾತನ್ನ ತಡಕಿ ತಡಕಿ ಒಳಗೆ ಜಾಗ ಮಾಡಿ ಕೂರಿಸಿಕೊಂಡಿದ್ದಳು. ಇನ್ನೊಂದಿಷ್ಟು ದಿನ ಬಿಟ್ಟರೆ ನಾನು ಹೇಳಿದರೂ ಅವಳು ನಂಬುತ್ತಿರಲಿಲ್ಲ ಅನ್ನಿಸುತ್ತೆ.

ಮನೆಗೆ ಬಂದು ಊಟಕ್ಕೆ ಕೂತೆವು. ಅಪ್ಪ ತೋಟದಿಂದ ಬಂದಿದ್ದ. ಅಜ್ಜಿ ಕಂಬಕ್ಕೆ ಒರಗಿ, ಒಂದು ತುತ್ತು ಮುದ್ದೆ ಬಾಯಿಗಿಟ್ಟುಕೊಂಡು ನುಂಗೋದನ್ನ ಮರೆತವಳ ಹಾಗೆ ಕೂತಿದ್ದಳು. ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತು, ಎಂದಿನ ಹಾಗೆ ನನ್ನ ಕಡೆ ನೋಡಿ, ‘ಮಂಜ, ಸಾರು ಬೇಕಾ ಅಂತ ಕೇಳು’ ಅಂದಳು. ನಾನು ಕೇಳಬೇಕು. ಬಾಯಿ ತೆಗೆದೆ. ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ, ಒಂದೂ ಬರಲಿಲ್ಲ. ಬಂದದ್ದು ಅದೇ ಒಂದು.

‘ನನ್ನತ್ರ ಅದೆ ಕಣಮ್ಮೋ. ನೀನು ಹುಳ ನೋಡ್ಕೋ ಹೋಗು.’

ಅಮ್ಮ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ಬಾಯಿ ಮುಚ್ಚಿತ್ತು, ಒಳಗೆ ತುತ್ತು ಹಾಗೇ ಇತ್ತು. ಅಜ್ಜಿಯೂ ಆ ದನಿ ಎಲ್ಲಿಂದ ಬಂತು ಅಂತ ಒಂದು ಕ್ಷಣ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನನ್ನ ನೋಡಿದರು. ಒಂದೂವರೆ ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

‘ನಾನಲ್ಲ,’ ಅಂದಳು ಅಜ್ಜಿ, ತುತ್ತನ್ನ ಅಂಗೈಗೆ ತೆಗೆದುಕೊಂಡು. ಯಾರನ್ನೂ ಆಪಾದಿಸೋ ದನಿಯಲ್ಲ ಅದು. ‘ನಾನು ಅಂದಿರಲಿಲ್ಲ ಪುಷ್ಪಾ. ನನಗೆ ಮರೆತಿರಲಿಲ್ಲ.’

ಅಮ್ಮ ಪಾತ್ರೆ ಕೆಳಗಿಟ್ಟಳು. ‘ಇಲ್ಲ ಅತ್ತೆ,’ ಅಂದಳು. ಅಷ್ಟೇ. ಅಜ್ಜಿಯ ಅಂಗೈಯಲ್ಲಿದ್ದ ತುತ್ತನ್ನ ತಾನು ತೆಗೆದುಕೊಂಡು, ಸೆರಗಿನಿಂದ ಅವಳ ಕೈ ಒರೆಸಿದಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

ಅಪ್ಪ ಎದ್ದ. ಮುರಿದ ಚಂದ್ರಿಕೆಯ ಬಿದಿರು ಸೀಳು ಮೂಲೆಯಲ್ಲಿತ್ತು. ಮೊದಲ ಏಟು ಬೆನ್ನಿಗೆ, ಎರಡನೇದು ತೋಳಿಗೆ. ನಾನು ಓಡಲಿಲ್ಲ, ಹೊಡೆತ ತಿಂದರೆ ಮುಗಿಯುತ್ತೆ ಅಂತ ಒಂದು ಆಸೆ ಇತ್ತು. ಮೂರನೇ ಏಟಿಗೆ ಅಮ್ಮ ಅಡ್ಡ ಬಂದು ಬಿದಿರು ಹಿಡಿದುಕೊಂಡಳು. ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಪಾಪ ಹೋದ ದಿನವೂ ನಾನು ಅದನ್ನ ನೋಡಿರಲಿಲ್ಲ.

‘ಬಿಡೇ ನನ್ನ. ಇವನು ಸುಮ್ನಿದ್ದಿದ್ರೆ ನೀನು ಎದ್ದು ಹೋಗಿ ನೋಡ್ತಿದ್ದೆ. ನಮ್ಮ ಪಾಪ ಉಳೀತಿತ್ತು.’

ಅದು ನಿಜ. ಅಮ್ಮ ಬಿದಿರು ಬಿಡಲಿಲ್ಲ. ದನಿ ಏರಿಸಲೂ ಇಲ್ಲ. ಅಪ್ಪನ ಮುಖವನ್ನೇ ನೋಡುತ್ತ ಹೇಳಿದಳು:

‘ನಾನು ಕೂಗಿದ್ದು ನಿಮಗೂ ಕೇಳಿಸ್ತಲ್ಲ, ನನ್ನ ಪಕ್ಕದಲ್ಲೇ ಇದ್ರಿ. ಅವನು ಬೇರೆಯೋರ ದನೀಲಾದ್ರೂ ಓ ಅಂದ. ನೀವು ನಿಮ್ಮ ದನೀಲೂ ಅನ್ನಲಿಲ್ಲ.’